ಜಮೀನು ಸರ್ಕಾರದ್ದು, ಸೊಪ್ಪು ಮನೆಯವರದ್ದು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾವುದೇ ಅಡಿಕೆ ಬೆಳೆಗಾರರ ಮನೆಗೆ ಹೋಗಿ. ತೋಟದ ಪಹಣಿ ತೋರಿಸ್ತಾರೆ. ಆಮೇಲೆ ತೋಟದ ಮೇಲಿನ ಗುಡ್ಡಕ್ಕೆ ಕೈ ಮಾಡಿ, ‘ಅದು ನಮ್ಮ ಬೆಟ್ಟ’ ಅಂತಾರೆ. ಅದರ ಪಹಣಿ ತೆಗೆದರೆ ಅಲ್ಲಿರೋದು ಸರ್ಕಾರದ ಹೆಸರು! ಹಾಗಾದ್ರೆ ‘ನಮ್ಮ’ ಅಂದಿದ್ದು ಸುಳ್ಳಾ? ಸುಳ್ಳಲ್ಲ. ಅದೇ ಸೊಪ್ಪಿನಬೆಟ್ಟ.

ಆ ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬರುತ್ತೆ, ದನದ ಕಾಲಡಿ ಗೊಬ್ಬರವಾಗುತ್ತೆ, ಅಡಿಕೆ ಮರದ ಬುಡ ಸೇರುತ್ತೆ. ದರಗು, ಸೌದೆ, ಮೇವು ಎಲ್ಲ ಅಲ್ಲಿಂದಲೇ. ಬೆಟ್ಟ ಬೋಳಾದರೆ ತೋಟದ ನೀರೂ ಹೋಯ್ತು. ಹಾಗಾಗಿ ಕಾವಲುಗಾರ ಬೇಕಿರಲಿಲ್ಲ, ಕಾಯೋದು ಮನೆಯವರದ್ದೇ ಗರಜಾಗಿತ್ತು.

ಈ ಮೂರೂ ತಾಲೂಕು ಕೆಳದಿ ಅರಸರ ಮನೆಯಂಗಳ ಅನ್ನೋದು ನೆನಪಿರಲಿ. ಕೆಳದಿ, ಇಕ್ಕೇರಿ ಸಾಗರದಲ್ಲಿ, ಬಿದನೂರು ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. ಅಡಿಕೆ, ಮೆಣಸು ಆ ರಾಜ್ಯದ ಬೊಕ್ಕಸ. ಮೆಣಸಿನ ಬಳ್ಳಿ ಹಬ್ಬಿದ ನಿತ್ಯಹಸಿರಿನ ಕಾಡನ್ನು ಜನ ಕಾನು ಅಂತ ಕರೆದರು. 1801ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಕಾಡು, ತೋಟಗಳ ಬಗ್ಗೆ ಬರೆದಿಟ್ಟಿದ್ದಾನೆ. ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದಾಗ, 1868ರಲ್ಲಿ, ಬ್ರಾಂಡಿಸ್ ಮತ್ತು ಗ್ರಾಂಟ್ ಪಕ್ಕದ ಸೊರಬ ತಾಲೂಕೊಂದರಲ್ಲೇ 171 ಕಾನು ಲೆಕ್ಕ ಹಾಕಿದ್ದರು. ಒಂದೇ ತಾಲೂಕಿನ ಲೆಕ್ಕ ಸ್ವಾಮಿ ಇದು!

ಆಮೇಲೆ ಕಾಗದ ಬಂತು. ಜಮೀನು ಸರ್ಕಾರದ್ದು, ಅನುಭೋಗ ತೋಟದವರದ್ದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಹಳೇ ಮೈಸೂರಿನ ಕಾನು, ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಹೆಸರಿಸಿ ಆ ಸವಲತ್ತುಗಳನ್ನು ಉಳಿಸಿತು.

ಈಗ ಅಮೆರಿಕದ ಕಡೆ ನೋಡಿ. ಅಲ್ಲಿ ಕಾಡು, ಹುಲ್ಲುಗಾವಲು ಕುಟುಂಬದ ಹೆಸರಲ್ಲೇ ಇರುತ್ತೆ. ಮರ ಕಡೀಬಹುದು, ದನ ಮೇಯಿಸಬಹುದು, ಮಕ್ಕಳಿಗೆ ಕೊಡಬಹುದು, ಮಾರಲೂಬಹುದು. ಆದರೆ ಲೇಔಟ್ ಮಾಡುವ ಹಕ್ಕನ್ನು ಮಾತ್ರ ಶಾಶ್ವತವಾಗಿ ಒಂದು ಟ್ರಸ್ಟಿಗೋ ಸರ್ಕಾರಕ್ಕೋ ಬರೆದುಕೊಡ್ತಾರೆ. ಅದಕ್ಕೆ ತೆರಿಗೆ ರಿಯಾಯಿತಿ, ಕೆಲವು ಸಲ ಹಣ. ಇದನ್ನೇ ಕನ್ಸರ್ವೇಶನ್ ಈಸ್‌ಮೆಂಟ್ ಅನ್ನೋದು. ನಮ್ಮಲ್ಲೂ 1882ರಿಂದ ಈಸ್‌ಮೆಂಟ್ ಕಾಯ್ದೆ ಇದೆ. ಆದರೆ ಅದು ಒಬ್ಬರ ಜಮೀನಿಗೆ ಪಕ್ಕದ ಜಮೀನಿಂದ ಸಿಗುವ ದಾರಿ, ನೀರು, ಗಾಳಿ ಇಂಥ ಅನುಕೂಲದ ಮಾತು. ಕಾಡು ಉಳಿಸ್ತೀನಿ ಅಂತ ಟ್ರಸ್ಟಿಗೆ ಬರೆದುಕೊಡೋದಕ್ಕೆ ಅದರಲ್ಲಿ ಜಾಗವಿಲ್ಲ.

ಅಲ್ಲಿ ಜಮೀನು ಮನೆಯವರದ್ದು, ತಡೆಯುವ ಹಕ್ಕು ಹೊರಗಿನವರದ್ದು. ನಮ್ಮಲ್ಲಿ ಅದು ಪೂರ್ತಿ ತಿರುಗಾಮುರುಗಾ. ವ್ಯತ್ಯಾಸ ಇನ್ನೊಂದಿದೆ. ಅವರು ಕರಾರು ಮಾಡಿಕೊಂಡರು, ವರ್ಷ ವರ್ಷ ಬಂದು ನೋಡ್ತಾರೆ. ನಮ್ಮದು ಗರಜಿನ ಮೇಲೆ ನಿಂತಿತ್ತು.

ಆ ಗರಜೇ ಈಗ ಹೋಗ್ತಿದೆ. ಗೊಬ್ಬರ ಚೀಲದಲ್ಲಿ ಬರುತ್ತೆ, ಅಡುಗೆಗೆ ಗ್ಯಾಸ್ ಬಂತು, ಸೊಪ್ಪು ಕಡಿಯೋಕೆ ಆಳಿಲ್ಲ, ಮಗ ಬೆಂಗಳೂರಿನಲ್ಲಿ. ಅಡಿಕೆಗೆ ರೇಟು ಬಂದ ವರ್ಷ ಜೆಸಿಬಿ ಬೆಟ್ಟ ಹತ್ತುತ್ತೆ. ಬೆಟ್ಟವೇ ತೋಟ! ಇನ್ನೊಂದು ಕಡೆ, 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ, ಒಡೆತನ ಯಾರದೇ ಇರಲಿ, ಕಾಡಿನಂತಿರೋದೆಲ್ಲ ಕಾಡೇ ಅಂದಿತು. ಅಂದಿನಿಂದ ಡೀಮ್ಡ್ ಫಾರೆಸ್ಟ್ ಪಟ್ಟಿಯ ಗಲಾಟೆ. ‘ಕಾಡು ಬೆಳೆಸಿದರೆ ಇಲಾಖೆ ಬರುತ್ತೆ’ ಅನ್ನೋ ಭಯ. ಬೆಟ್ಟ ಉಳಿಸಿಕೊಂಡವನಿಗೇ ಹೆದರಿಕೆ, ಬೋಳಿಸಿದವನಿಗೆ ಸಕ್ರಮದ ಆಸೆ. ನೀವೇ ಹೇಳಿ, ಇದ್ಯಾವ ನ್ಯಾಯ?

ತೋಟದವರನ್ನು ನಾನು ಹೊಗಳಿಯೇ ಕೂರೋದಿಲ್ಲ. 1951ರಲ್ಲಿ ಗೇಣಿದಾರರು ಎದ್ದು ನಿಂತ ಕಾಗೋಡು ಇರೋದು ಇದೇ ಸಾಗರ ತಾಲೂಕಿನಲ್ಲಿ. ತೋಟವಿಲ್ಲದ ಮನೆಗೆ ಇವತ್ತಿಗೂ ಬೆಟ್ಟದ ಹಕ್ಕಿಲ್ಲ. ಅವರೂ ಸೌದೆಗೆ ಅದೇ ಗುಡ್ಡ ಹತ್ತಿದವರು. ಬೆಟ್ಟದ ಬಗ್ಗೆ ಮಾತುಕತೆ ಆಗೋದಾದರೆ ಅವರಿಗೂ ಕುರ್ಚಿ ಹಾಕಬೇಕು.

ಮಾತುಕತೆಗೆ ಹೊಸ ಕಾಯ್ದೆಯೇ ಬರಬೇಕು ಅಂತ ಕಾಯಬೇಕಿಲ್ಲ. ಅದೇ 79ನೇ ಕಲಂ ಈ ಸವಲತ್ತುಗಳನ್ನು ನಿಯಂತ್ರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟಿದೆ. ಬೆಟ್ಟವನ್ನು ಬೆಟ್ಟವಾಗಿಯೇ ಇಟ್ಟುಕೊಂಡ ಮನೆಗೆ ವರ್ಷಕ್ಕೆ ಇಷ್ಟು ಅಂತ ಕೊಡೋದಕ್ಕೆ, ಅಗೆದವನ ಸವಲತ್ತು ಕಿತ್ತುಕೊಳ್ಳೋದಕ್ಕೆ ಅಲ್ಲಿಂದಲೇ ಶುರು ಮಾಡಬಹುದು. ಈ ಮಳೆಗಾಲಕ್ಕೆ ಮುಂಚೆ ಶಿವಮೊಗ್ಗದಲ್ಲಿ ಒಂದು ಸಭೆ ಕರೀರಿ. ಕ್ಯಾಮೆರಾ ತಗೊಂಡು ನಾವೂ ಬರ್ತೀವಿ.