ಎಚ್‌ಐವಿ ತಡೆಗೆ 'ಯಾರಿ-ದೋಸ್ತಿ': ಮುಂಬೈ ಬಸ್ತಿಗಳ ಯುವಕರು ನಾಯಕರಾದ ಬಗೆ

ಎಚ್‌ಐವಿ ಹೇಗೆ ಹರಡುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು ಎಂದು ನಾವು ಅಂದುಕೊಂಡಿದ್ದೇವೆ. ಅಂಕಿ-ಅಂಶಗಳು ಹಾಗೆ ಹೇಳುವುದಿಲ್ಲ. 2019-21ರ 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 22 ಹಾಗೂ ಪುರುಷರಲ್ಲಿ ಶೇ 31ರಷ್ಟು ಮಂದಿಗೆ ಮಾತ್ರ ಈ ಸೋಂಕಿನ ಬಗ್ಗೆ ಸಮಗ್ರ ತಿಳಿವಳಿಕೆ ಇದೆ. ನೋಡಲು ಆರೋಗ್ಯವಾಗಿರುವವರಿಗೂ ಸೋಂಕು ಇರಬಹುದು, ಸೊಳ್ಳೆ ಕಡಿತದಿಂದಾಗಲೀ ಜೊತೆಯಲ್ಲಿ ಊಟ ಮಾಡುವುದರಿಂದಾಗಲೀ ಅದು ಹರಡುವುದಿಲ್ಲ ಎಂಬಂಥ ಮೂಲ ಸಂಗತಿಗಳನ್ನೂ ಬಹುತೇಕರು ಪೂರ್ತಿಯಾಗಿ ಅರಿತಿಲ್ಲ.

ಸರ್ಕಾರದ 2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಎಚ್‌ಐವಿ ಸೋಂಕಿತರಿದ್ದರು. ಅತಿ ಹೆಚ್ಚು ಸೋಂಕಿತರಿದ್ದುದು ಮಹಾರಾಷ್ಟ್ರದಲ್ಲಿ. ಕರ್ನಾಟಕಕ್ಕೆ ಮೂರನೇ ಸ್ಥಾನ.

ತರಗತಿಯಲ್ಲಿ ಕೇಳಲಾಗದ ಪ್ರಶ್ನೆ

ಶಾಲೆಗಳಲ್ಲೇ ಈ ವಿಷಯ ತಿಳಿಸಲು ಕೇಂದ್ರ ಸರ್ಕಾರ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತ್ತು. ಪಠ್ಯದಲ್ಲಿನ ಚಿತ್ರಗಳು ಮತ್ತು ಭಾಷೆಗೆ ವಿರೋಧ ವ್ಯಕ್ತವಾಗಿ, 2007ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ಮನೆಯಲ್ಲಿ ಕೇಳಲು ಸಂಕೋಚ, ಶಾಲೆಯಲ್ಲಿ ಅವಕಾಶವಿಲ್ಲ. ಹೀಗಾಗಿ ಹುಡುಗರು ತಮ್ಮ ಅನುಮಾನಗಳನ್ನು ಗೆಳೆಯರ ಬಳಿಯೇ ಕೇಳುತ್ತಾರೆ. ಆ ಗೆಳೆಯನಿಗೇ ಸರಿಯಾದ ಮಾಹಿತಿ ಕೊಟ್ಟು ತರಬೇತಿ ನೀಡಿದರೆ ಹೇಗೆ? ಪೀರ್ ಎಜುಕೇಷನ್, ಅಂದರೆ ಓರಗೆಯವರಿಂದ ಓರಗೆಯವರಿಗೆ ಶಿಕ್ಷಣ ಎಂಬ ಪದ್ಧತಿಯ ಮೂಲ ಆಲೋಚನೆ ಇದು.

ಭಾರತದಲ್ಲಿ ಈ ಪದ್ಧತಿ ಹೊಸತಲ್ಲ. ಕೋಲ್ಕತ್ತದ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರ ನೇತೃತ್ವದಲ್ಲಿ ಆರಂಭವಾದ ಯೋಜನೆಯು ಲೈಂಗಿಕ ಕಾರ್ಯಕರ್ತೆಯರನ್ನೇ ಶಿಕ್ಷಕಿಯರನ್ನಾಗಿ ಮಾಡಿ ಗಮನ ಸೆಳೆದಿತ್ತು. ಮೈಸೂರಿನಲ್ಲಿ ಅಶೋದಯ ಸಮಿತಿಯೂ ಇದೇ ದಾರಿಯಲ್ಲಿ ಸಾಗಿತು. ಸಾಮಾನ್ಯ ಯುವಕರ ನಡುವೆ ಈ ಪದ್ಧತಿಯನ್ನು ಪರೀಕ್ಷಿಸಿ ನೋಡಿದ ಮುಖ್ಯ ಪ್ರಯೋಗ ನಡೆದದ್ದು ಮುಂಬೈನಲ್ಲಿ.

ಏನಿದು ಯಾರಿ-ದೋಸ್ತಿ?

ಬ್ರೆಜಿಲ್‌ನ ಪ್ರೊಮುಂಡೋ ಸಂಸ್ಥೆ ಮತ್ತು ಅದರ ಸಹಭಾಗಿಗಳು ಯುವಕರಿಗಾಗಿ ರೂಪಿಸಿದ್ದ ಕಾರ್ಯಕ್ರಮವೊಂದನ್ನು ಪಾಪ್ಯುಲೇಷನ್ ಕೌನ್ಸಿಲ್ ಮತ್ತು ಮುಂಬೈನ ಕೋರೋ ಸಂಸ್ಥೆ ಇಲ್ಲಿನ ಬದುಕಿಗೆ ಹೊಂದಿಸಿಕೊಂಡವು. ಕೋರೋ 1989ರಲ್ಲಿ ವಯಸ್ಕರ ಸಾಕ್ಷರತೆಗಾಗಿ ಹುಟ್ಟಿಕೊಂಡ, ಬಸ್ತಿಗಳ ಜನರನ್ನೇ ಕಾರ್ಯಕರ್ತರನ್ನಾಗಿ ಬೆಳೆಸಿದ ಸಂಸ್ಥೆ. ಹೊಸ ಕಾರ್ಯಕ್ರಮಕ್ಕೆ ಇಟ್ಟ ಹೆಸರು 'ಯಾರಿ-ದೋಸ್ತಿ'.

ಕಡಿಮೆ ಆದಾಯದ ಬಡಾವಣೆಗಳಲ್ಲಿ ನಡೆದ ಮೊದಲ ಹಂತದ ಪ್ರಯೋಗದಲ್ಲಿ 126 ಯುವಕರು ಭಾಗವಹಿಸಿದ್ದರು. ಆರು ತಿಂಗಳ ಈ ಕಾರ್ಯಕ್ರಮವನ್ನು ನಡೆಸಿಕೊಟ್ಟವರು ಎಂಟು ಮಂದಿ ಓರಗೆಯ ನಾಯಕರು. ಅದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು.

ಇಲ್ಲಿ ಮಾತುಕತೆ ಕಾಂಡೋಮ್‌ಗಷ್ಟೇ ಸೀಮಿತವಾಗಿರಲಿಲ್ಲ. ಗಂಡಸುತನ ಎಂದರೇನು, ಹೆಂಡತಿ ಅಥವಾ ಗೆಳತಿಯ ಮೇಲೆ ಕೈ ಮಾಡುವುದು ಸರಿಯೇ, ಕುಡಿತಕ್ಕೂ ಅಪಾಯಕ್ಕೂ ಏನು ನಂಟು, ಸೋಂಕಿತರನ್ನು ದೂರವಿಡುವುದೇಕೆ ಎಂಬ ಪ್ರಶ್ನೆಗಳೂ ಚರ್ಚೆಗೆ ಬಂದವು. ಉಪನ್ಯಾಸದ ಬದಲು ಆಟ, ಪಾತ್ರಾಭಿನಯ ಮತ್ತು ಗುಂಪು ಚರ್ಚೆಗಳಿದ್ದವು.

ಇದಕ್ಕೆ ಕಾರಣವಿದೆ. ಕಾಂಡೋಮ್ ಬಗ್ಗೆ ಎಲ್ಲವನ್ನೂ ತಿಳಿದಿರುವ ಹುಡುಗ ಕೂಡ 'ಗಂಡಸಾದವನು ಹೆದರಬಾರದು', 'ಹುಡುಗಿ ಒಲ್ಲೆ ಎನ್ನಬಾರದು' ಎಂದು ನಂಬಿದ್ದರೆ ಆ ತಿಳಿವಳಿಕೆ ಬಳಕೆಗೆ ಬರುವುದಿಲ್ಲ. ಅಪಾಯ ಅವನೊಬ್ಬನದೇ ಅಲ್ಲ, ಅವನ ಸಂಗಾತಿಯದೂ ಹೌದು.

ಫಲಿತಾಂಶ ಏನು?

ಮೊದಲ ಹಂತದ ಬಳಿಕ ಹೆಣ್ಣುಮಕ್ಕಳನ್ನು ಚುಡಾಯಿಸುವುದನ್ನು ಮತ್ತು ಲಿಂಗ ತಾರತಮ್ಯವನ್ನು ಸಮರ್ಥಿಸುವವರ ಪ್ರಮಾಣ ಗಣನೀಯವಾಗಿ ಇಳಿದಿತ್ತು. ನಂತರ ಮುಂಬೈ ಮತ್ತು ಉತ್ತರ ಪ್ರದೇಶದ ಗೋರಖ್‌ಪುರ ಗ್ರಾಮೀಣ ಭಾಗದಲ್ಲಿ ದೊಡ್ಡ ಮಟ್ಟದಲ್ಲಿ ಕಾರ್ಯಕ್ರಮ ನಡೆಯಿತು. ಕಾರ್ಯಕ್ರಮ ನಡೆದ ಸ್ಥಳಗಳಲ್ಲಿ ಕಾಂಡೋಮ್ ಬಳಕೆ ಹೆಚ್ಚಿತು. ಸಂಗಾತಿಯ ಮೇಲೆ ಹಿಂಸೆ ನಡೆಸಿದ್ದಾಗಿ ಹೇಳಿಕೊಂಡವರ ಪ್ರಮಾಣ ಕಡಿಮೆಯಾಯಿತು. ಇವು ಯುವಕರೇ ನೀಡಿದ ಉತ್ತರಗಳು ಎಂಬುದನ್ನು ಮರೆಯುವಂತಿಲ್ಲ.

ಈ ಅನುಭವ ಮುಂದೆ ಶಾಲೆಗಳಿಗೂ ತಲುಪಿತು. ಕೋರೋ, ಐಸಿಆರ್‌ಡಬ್ಲ್ಯೂ ಮತ್ತು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಸೇರಿ 2008ರಿಂದ ಮುಂಬೈನ ಪಾಲಿಕೆ ಶಾಲೆಗಳಲ್ಲಿ 6 ಮತ್ತು 7ನೇ ತರಗತಿ ಮಕ್ಕಳಿಗಾಗಿ ಲಿಂಗ ಸಮಾನತೆಯ ಪಾಠ ಆರಂಭಿಸಿದವು.

ನಾಯಕತ್ವ ಬೆಳೆಯುವುದು ಎಲ್ಲಿ?

ಕರಪತ್ರ ಹಂಚಿದ ಮಾತ್ರಕ್ಕೆ ಯಾರೂ ನಾಯಕರಾಗುವುದಿಲ್ಲ. ಹತ್ತಾರು ಮಂದಿಯ ನಗು, ಗೇಲಿಯ ನಡುವೆ ಚರ್ಚೆ ನಡೆಸುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಗೆಳೆಯ ನಂಬಿ ಹೇಳಿದ ಗುಟ್ಟನ್ನು ಕಾಪಾಡುವುದು ಇವೆಲ್ಲ ಅಭ್ಯಾಸದಿಂದ ಬರುವ ಗುಣಗಳು. ಎಲ್ಲಕ್ಕಿಂತ ಕಷ್ಟದ ಕೆಲಸ, ತನ್ನದೇ ಗುಂಪಿನಲ್ಲಿ ತಪ್ಪನ್ನು ತಪ್ಪು ಎನ್ನುವುದು. ವಿಷಯ ಆರಿಸುವಾಗ, ವೇಳಾಪಟ್ಟಿ ಹಾಕುವಾಗ ಯುವಕರ ಮಾತಿಗೂ ಬೆಲೆ ಸಿಕ್ಕರೆ ಈ ಗುಣಗಳು ಬೆಳೆಯುತ್ತವೆ. ಇಲ್ಲದಿದ್ದರೆ ಅವರು ಸಂಬಳವಿಲ್ಲದ ಪ್ರಚಾರಕರಾಗಿಯೇ ಉಳಿಯುತ್ತಾರೆ.

ಮಿತಿಗಳೂ ಇವೆ. ಪೀರ್ ಎಜುಕೇಷನ್ ತಿಳಿವಳಿಕೆಯನ್ನು ಹೆಚ್ಚಿಸುವಷ್ಟು ಸುಲಭವಾಗಿ ನಡವಳಿಕೆಯನ್ನು ಬದಲಿಸುವುದಿಲ್ಲ. ತರಬೇತಿ ಪಡೆದವರು ಓದು ಮುಗಿಸಿ, ಕೆಲಸ ಹಿಡಿದು ಬೇರೆಡೆಗೆ ಹೋಗುತ್ತಾರೆ. ಪ್ರತಿ ವರ್ಷ ಹೊಸಬರನ್ನು ತಯಾರು ಮಾಡಬೇಕು, ಅವರ ಬೆನ್ನಿಗೆ ಹಿರಿಯ ಮಾರ್ಗದರ್ಶಕರಿರಬೇಕು.

ಓರಗೆಯ ಶಿಕ್ಷಕರು ತಿಳಿದಿರಬೇಕಾದ್ದು

* ಪರೀಕ್ಷೆ ಎಲ್ಲಿ: ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ, ಆಪ್ತ ಸಮಾಲೋಚನೆ ಉಚಿತ. ಮಾಹಿತಿ ಗೋಪ್ಯವಾಗಿರುತ್ತದೆ. 18 ವರ್ಷದೊಳಗಿನವರ ಪರೀಕ್ಷೆಗೆ ಪೋಷಕರ ಒಪ್ಪಿಗೆ ಬೇಕು.
* 72 ಗಂಟೆ: ಸೋಂಕು ತಗುಲಿರುವ ಭಯವಿದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಂಡು ತಡೆ ಔಷಧ ಆರಂಭಿಸಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು.
* ಚಿಕಿತ್ಸೆ: 2004ರಿಂದ ಸರ್ಕಾರ ಎಆರ್‌ಟಿ ಔಷಧವನ್ನು ಉಚಿತವಾಗಿ ನೀಡುತ್ತಿದೆ. ತಪ್ಪದೆ ಔಷಧ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ.
* ಕಾನೂನು: 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯ್ದೆ (2017) ಶಾಲೆ, ಉದ್ಯೋಗ, ಆಸ್ಪತ್ರೆಗಳಲ್ಲಿ ಸೋಂಕಿತರ ವಿರುದ್ಧ ತಾರತಮ್ಯವನ್ನು ನಿಷೇಧಿಸುತ್ತದೆ.
* ಸಹಾಯವಾಣಿ: 1097, ಉಚಿತ ಕರೆ.

ಸೇರಿಕೊಳ್ಳುವುದು ಹೇಗೆ?

ಮುಂಬೈನಲ್ಲಿ ಎಚ್‌ಐವಿ ತಡೆ ಕಾರ್ಯಕ್ರಮಗಳ ಹೊಣೆ ಹೊತ್ತಿರುವುದು 1998ರಲ್ಲಿ ಸ್ಥಾಪನೆಯಾದ ಮುಂಬೈ ಜಿಲ್ಲಾ ಏಡ್ಸ್ ನಿಯಂತ್ರಣ ಸಂಸ್ಥೆ. ಕಾಲೇಜು ವಿದ್ಯಾರ್ಥಿಗಳು ರೆಡ್ ರಿಬ್ಬನ್ ಕ್ಲಬ್ ಅಥವಾ ಎನ್‌ಎಸ್‌ಎಸ್ ಘಟಕದ ಮೂಲಕ ತೊಡಗಿಕೊಳ್ಳಬಹುದು. ಕರ್ನಾಟಕದ ಕಾಲೇಜುಗಳಲ್ಲೂ ಈ ಕ್ಲಬ್‌ಗಳಿವೆ. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಜಾಥಾಕ್ಕಷ್ಟೇ ಕ್ಲಬ್ ಸೀಮಿತವಾಗದೆ, ವರ್ಷವಿಡೀ ಪ್ರಶ್ನೆ ಕೇಳಬಹುದಾದ ಜಾಗವಾದರೆ ಎಂಟು ಯುವಕರಿಂದ ಆರಂಭವಾದ ಮುಂಬೈನ ಪಾಠ ಅಲ್ಲಿಯೂ ನೆರವಿಗೆ ಬರುತ್ತದೆ.