ಎಚ್ಚರವಿಲ್ಲದವನ ಕೈ ಯಾಕೆ ಎಳೆಯಿತು?

ಅರಿವಳಿಕೆ ಕೊಟ್ಟಾಗಿದೆ, ರೋಗಿಗೆ ಎಚ್ಚರವಿಲ್ಲ. ಆಮೇಲೆ ಸ್ನಾಯು ಸಡಿಲಿಸುವ ರೊಕ್ಯುರೋನಿಯಂ ಅನ್ನು ಕೈಯ ರಕ್ತನಾಳಕ್ಕೆ ಬಿಡುತ್ತಿದ್ದಂತೆ ಆ ಕೈ ತಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತದೆ! 1990ರ ದಶಕದಲ್ಲಿ ಈ ಔಷಧ ಬಳಕೆಗೆ ಬಂದ ಮೇಲೆ ವೈದ್ಯರು ಇದನ್ನು ಮತ್ತೆ ಮತ್ತೆ ಕಂಡರು. ಎದ್ದ ಮೇಲೆ ರೋಗಿಗೆ ಸಾಮಾನ್ಯವಾಗಿ ಏನೂ ನೆನಪಿರಲ್ಲ. ಹಾಗಾದರೆ ಇದೇನು ದೊಡ್ಡ ವಿಷಯ ಅಂತೀರಾ? ಈ ಔಷಧಗಳ ಚರಿತ್ರೆ ಓದಿದರೆ ಹಾಗನ್ನಿಸಲ್ಲ.

ಕಥೆ ಶುರುವಾಗೋದು ದಕ್ಷಿಣ ಅಮೆರಿಕದ ಕಾಡಿನಲ್ಲಿ. ಅಲ್ಲಿನ ಬೇಟೆಗಾರರು ಬಾಣದ ತುದಿಗೆ ಕುರಾರೆ ಎಂಬ ಬಳ್ಳಿಯ ವಿಷ ಹಚ್ಚುತ್ತಿದ್ದರು. 1814ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ವಾಟರ್ಟನ್ ಮತ್ತವನ ಜೊತೆಗಾರರು ಒಂದು ಹೆಣ್ಣು ಕತ್ತೆಗೆ ಅದನ್ನು ಕೊಟ್ಟು, ಉಸಿರು ನಿಂತಾಗ ತಿದಿಯಿಂದ ಗಾಳಿ ಊದಿ ಬದುಕಿಸಿದರು. ಕುಲುಮೆಯಲ್ಲಿ ಇರುತ್ತಲ್ಲ, ಅಂಥದೇ ತಿದಿ. ಈ ವಿಷ ನರ ಮತ್ತು ಸ್ನಾಯು ಸೇರುವ ಕಡೆ ಸಂದೇಶ ತಡೆಯುತ್ತದೆ ಅಂತ ಮುಂದೆ ಕ್ಲಾಡ್ ಬರ್ನಾರ್ಡ್ ಕಪ್ಪೆಗಳಲ್ಲಿ ತೋರಿಸಿದ. 1942ರ ಜನವರಿ 23ರಂದು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯೊಂದರಲ್ಲಿ ಕುರಾರೆ ಬಳಸಿದರು.

ಆದರೆ ಅಲುಗಾಡದವನಿಗೆ ನೋವೂ ಇಲ್ಲವೇ? ಅಮೆರಿಕದ ವೈದ್ಯ ಸ್ಕಾಟ್ ಸ್ಮಿತ್ ತನ್ನ ಮೇಲೇ ಪ್ರಯೋಗ ಮಾಡಿಸಿಕೊಂಡ. ಉಸಿರಾಟವೂ ನಿಲ್ಲುವಷ್ಟು ಕುರಾರೆ ತಗೊಂಡು ಮಲಗಿದ, ಸಹೋದ್ಯೋಗಿಗಳು ಅವನಿಗೆ ಉಸಿರು ಕೊಡುತ್ತಾ ಇದ್ದರು. 1947ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಪೂರ್ತಿ ಎಚ್ಚರ, ನೋವೆಲ್ಲ ಗೊತ್ತಾಗುತ್ತಿತ್ತು, ಹೇಳಲು ಮಾತ್ರ ಆಗುತ್ತಿರಲಿಲ್ಲ. ಲಾಗ್‌ನಲ್ಲಿ ಎರರ್ ಕಾಣದಿದ್ದರೆ ಸಿಸ್ಟಂ ಚೆನ್ನಾಗಿದೆ ಅಂತಲ್ಲ, ಲಾಗಿಂಗೇ ಆಫ್ ಆಗಿರಬಹುದು.

ಇಷ್ಟು ಗೊತ್ತಿದ್ದೂ, 1980ರ ದಶಕದಲ್ಲೂ ಅವಧಿಗೆ ಮುನ್ನ ಹುಟ್ಟಿದ ಎಷ್ಟೋ ಕೂಸುಗಳಿಗೆ ನೈಟ್ರಸ್ ಆಕ್ಸೈಡ್ ಮತ್ತು ಕುರಾರೆ ಮಾತ್ರ ಕೊಟ್ಟು ಎದೆ ಕೊಯ್ಯುತ್ತಿದ್ದರು. ಅವಕ್ಕೆ ನೋವು ಅಷ್ಟಾಗಿ ಗೊತ್ತಾಗಲ್ಲ ಅನ್ನೋ ನಂಬಿಕೆ. ಅದನ್ನು ಅಲುಗಿಸಿದ್ದು ಇಂದೋರ್‌ನಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕೆ.ಜೆ.ಎಸ್. ಆನಂದ್. ಅವರ ತಂಡ 1987ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜೊತೆಗೆ ಫೆಂಟನಿಲ್ ಪಡೆದ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ, ಆಪರೇಷನ್ ನಂತರದ ತೊಡಕುಗಳೂ ಕಡಿಮೆ. ಕೂಸು ಅಳದಿದ್ದರೇನು, ರಕ್ತ ಹೇಳಿತ್ತು.

ಈಗ ಆ ಎಳೆದ ಕೈಗೆ ಬರೋಣ. ರೊಕ್ಯುರೋನಿಯಂ ದ್ರಾವಣ ಆಮ್ಲೀಯ, ಪಿಎಚ್ ಸುಮಾರು 4. ಅದು ರಕ್ತನಾಳದ ಗೋಡೆಯ ನೋವಿನ ನರತುದಿಗಳನ್ನು ಕೆಣಕುತ್ತದೆ ಅನ್ನೋದು ಒಂದು ಮುಖ್ಯ ವಿವರಣೆ. ಔಷಧ ಕೆಲಸ ಮಾಡೋಕೆ ಒಂದು ನಿಮಿಷದಷ್ಟು ಬೇಕು, ಆ ಸಂದಿನಲ್ಲೇ ಕೈ ಎಳೆಯೋದು. ಜೋರಾಗಿ ಎಳೆದರೆ ಸೂಜಿಯೂ ಕಿತ್ತುಬರಬಹುದು.

ಪರಿಹಾರಗಳಲ್ಲಿ ನನಗೆ ಇಷ್ಟವಾಗಿದ್ದು ಲಿಡೊಕೇನ್ ಉಪಾಯ. ತೋಳಿಗೆ ಪಟ್ಟಿ ಬಿಗಿದು, ಆ ರಕ್ತನಾಳಕ್ಕೆ ಲಿಡೊಕೇನ್ ಬಿಟ್ಟು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿಸಿ, ಪಟ್ಟಿ ಸಡಿಲಿಸಿ, ಆಮೇಲೆ ರೊಕ್ಯುರೋನಿಯಂ. ಪಟ್ಟಿ ಬಿಗಿದು ಕೈಯನ್ನಷ್ಟೇ ಮರಗಟ್ಟಿಸುವ ಈ ಯೋಚನೆ ಹಳೇದು, ಜರ್ಮನಿಯ ಆಗಸ್ಟ್ ಬಿಯರ್ 1908ರಲ್ಲೇ ಮಾಡಿ ತೋರಿಸಿದ್ದ. ಮೊದಲೇ ಫೆಂಟನಿಲ್‌ನಂಥ ನೋವುನಿವಾರಕ ಕೊಡುವವರಿದ್ದಾರೆ. ಸೋಡಿಯಂ ಬೈಕಾರ್ಬನೇಟ್ ಬೆರೆಸಿ ಆಮ್ಲದ ಮೊನಚು ತಗ್ಗಿಸುವ ಅಧ್ಯಯನಗಳೂ ನಡೆದಿವೆ, ಅವುಗಳಲ್ಲಿ ಕೈ ಎಳೆಯುವುದು ಕಡಿಮೆಯಾಗಿದೆ. ಅಡುಗೆಸೋಡಾ ಅಂತೀವಲ್ಲ, ಅದೇ ರಾಸಾಯನಿಕ.