ಅಜ್ಜನ ಹೆಸರು ಮತ್ತೆ ಬರುವುದೇ?



ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲಿನ ಹೆಸರನ್ನು ನೀವು ಕೇಳಿರುತ್ತೀರಿ. ಕಾವಲ್ ಎಂದರೆ ರಾಸುಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ರಾಸುಗಳ ಇಲಾಖೆಗೆ ಮುಂದೆ ಟಿಪ್ಪು ಸುಲ್ತಾನರು ‘ಅಮೃತ ಮಹಲ್’ ಎಂದು ಹೆಸರಿಟ್ಟರು. ಅಮೃತ ಸಂಸ್ಕೃತದ್ದು, ಮಹಲ್ ಅರಬ್ಬಿ ಮೂಲದ್ದು. ಎರಡೂ ಕೂಡಿ ನಮ್ಮ ನಾಡಿನ ಹೆಸರಾಂತ ದನದ ತಳಿಯ ಹೆಸರಾಯಿತು. ಇನ್ನೂರು ವರ್ಷ ಕಳೆದರೂ ಈ ಜೋಡಣೆ ಯಾರಿಗೂ ವಿಚಿತ್ರವೆನಿಸಿಲ್ಲ.

ಆದರೆ ಇದೇ ರೀತಿ ಕಟ್ಟಿದ ಮನುಷ್ಯರ ಹೆಸರುಗಳು ಇಂದು ನಮ್ಮ ಮಕ್ಕಳಿಗೆ ನಾಚಿಕೆ ತರುತ್ತಿವೆ. ಹುಸೇನಪ್ಪ, ಫಕೀರಪ್ಪ, ಇಮಾಂಸಾಬ್, ದಸ್ತಗಿರಿಸಾಬ್, ಹುಸೇನಮ್ಮ, ಕತೀಜಾಬಿ, ಪಾತಿಮಾಬಿ. ತರಗತಿಯಲ್ಲಿ ಹಾಜರಿ ಕೂಗುವಾಗ ತಂದೆಯ ಹೆಸರನ್ನೂ ಸೇರಿಸಿ ಓದಿದರೆ ತಲೆ ತಗ್ಗಿಸುವ ಹುಡುಗರಿದ್ದಾರೆ. ಅರ್ಜಿ ತುಂಬುವಾಗ ‘ಹುಸೇನಪ್ಪ’ನನ್ನು ‘ಹುಸೇನ್’ ಎಂದು ತಾವೇ ತಿದ್ದುವವರೂ ಇದ್ದಾರೆ. ಹಾಗೆ ತಿದ್ದುವ ಮೊದಲು ಆ ಹೆಸರಿನಲ್ಲಿ ಏನಿದೆ ಎಂಬುದನ್ನು ಸ್ವಲ್ಪ ನೋಡೋಣ.

ಮೊದಲು ‘ಸಾಬ್’ ಎಂಬ ಪದ. ಇದು ಅರಬ್ಬಿಯ ‘ಸಾಹಿಬ್’, ಅಂದರೆ ಸಂಗಾತಿ, ಒಡೆಯ. ಪ್ರವಾದಿ ಮುಹಮ್ಮದ್ (ಸ) ಅವರ ಸಂಗಾತಿಗಳಿಗೆ ನಾವು ಹೇಳುವ ‘ಸಹಾಬಿ’ ಎಂಬ ಪದವೂ ಇದೇ ಧಾತುವಿನಿಂದ ಬಂದದ್ದು. ‘ಬಿ’ ಎಂಬುದು ಫಾರಸಿಯ ‘ಬೀಬಿ’, ಗೌರವಸ್ಥ ಸ್ತ್ರೀ. ‘ಬಾಷಾ’ ಎಂಬುದು ‘ಪಾದಶಾಹ’ನ ದಕ್ಷಿಣದ ರೂಪ. ಇನ್ನು ‘ಅಪ್ಪ’, ‘ಅಮ್ಮ’ ಕನ್ನಡದವು. ಹೆತ್ತವರನ್ನು ಕರೆಯುವ ಪದವನ್ನೇ ಮಗುವಿನ ಹೆಸರಿಗೆ ಸೇರಿಸಿ ಗೌರವಿಸುವುದು ಈ ನೆಲದ ರೂಢಿ. ಒಂದೇ ಹೆಸರಿನಲ್ಲಿ ಅರೇಬಿಯಾ, ಇರಾನ್ ಮತ್ತು ಕರ್ನಾಟಕ ಮೂರೂ ಇರಬಹುದು.

ಹೆಸರಿನ ಹಿಂದೆ ಹರಕೆಯೂ ಇರುತ್ತಿತ್ತು. ದಸ್ತಗಿರ್ ಎಂದರೆ ಫಾರಸಿಯಲ್ಲಿ ಕೈ ಹಿಡಿಯುವವನು. ಇದು 1166ರಲ್ಲಿ ಬಾಗ್ದಾದಿನಲ್ಲಿ ನಿಧನರಾದ ಶೇಖ್ ಅಬ್ದುಲ್ ಖಾದರ್ ಜೀಲಾನಿಯವರ ಬಿರುದು. ಮಹಬೂಬ್‌ಸಾಬ್ ಎಂಬ ಹೆಸರಿನ ಹಿಂದೆಯೂ ಅವರದೇ ‘ಮಹಬೂಬೆ ಸುಬ್‌ಹಾನಿ’ ಎಂಬ ಬಿರುದಿದೆ. ಖಾಸಿಂ ಎಂದರೆ ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹಸನರ ಮಗ. ಬಾಬಾ ಫಕ್ರುದ್ದೀನ್, ಬಾಬಯ್ಯ ಎಂಬ ಹೆಸರುಗಳು ನಮ್ಮನ್ನು ಗಡಿಯಾಚೆಯ ಪೆನುಕೊಂಡದ ದರ್ಗಾಕ್ಕೆ ಕರೆದೊಯ್ಯುತ್ತವೆ. ಕುಳ್ಳಾಯಪ್ಪ ಎಂಬುದು ಅನಂತಪುರ ಜಿಲ್ಲೆಯ ಗೂಗೂಡಿನ ಮೊಹರಂ ಪೀರರ ಹೆಸರು. ಅಲ್ಲಿ ಆ ಹೆಸರನ್ನು ಹಿಂದೂಗಳೂ ಇಡುತ್ತಾರೆ, ಮುಸ್ಲಿಮರೂ ಇಡುತ್ತಾರೆ. ಟಿಪ್ಪು ಎಂಬ ಹೆಸರೂ ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ನೆನಪಿಗೆ ಇಟ್ಟದ್ದು.

ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ಮೊಹರಂನಲ್ಲಿ ‘ಫಕೀರ’ನನ್ನಾಗಿ ಮಾಡುವ ಹರಕೆಯಿತ್ತು. ಫಕೀರಪ್ಪ, ಫಕೀರಸಾಬ್ ಎಂಬ ಹೆಸರುಗಳಲ್ಲಿ ಎಷ್ಟೋ ತಾಯಂದಿರ ಕಣ್ಣೀರಿದೆ. ದಖ್ಖನಿನ ಮುಸ್ಲಿಮರ ನಾಮಕರಣ ಮತ್ತು ಹರಕೆಗಳ ವಿವರವನ್ನು ಜಾಫರ್ ಶರೀಫ್ ಎಂಬ ವಿದ್ವಾಂಸರು ಬರೆದಿಟ್ಟಿದ್ದಾರೆ. ಹರ್ಕ್ಲಾಟ್ಸ್ ಎಂಬ ವೈದ್ಯರು ಅದನ್ನು ಇಂಗ್ಲಿಷಿಗೆ ತಂದರು. ‘ಖಾನೂನೆ ಇಸ್ಲಾಂ’ ಎಂಬ ಆ ಗ್ರಂಥ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ನಮ್ಮ ನೆರೆಹೊರೆಯಲ್ಲೂ ಇದೇ ಕಥೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಿಂದ ಈ ಸೀಮೆಯಲ್ಲಿ ಮನೆಮನೆಗೂ ತಿಪ್ಪೇಸ್ವಾಮಿ, ತಿಪ್ಪಮ್ಮ ಇದ್ದರು. ಓಬಯ್ಯ, ಬೋರಯ್ಯ, ಪಾಲಯ್ಯ ಇದ್ದರು. ಚಿತ್ರದುರ್ಗದ ಓಬವ್ವನನ್ನು ನಾವೆಲ್ಲರೂ ಹೊಗಳುತ್ತೇವೆ. ಆದರೆ ಇಂದು ಯಾರು ತಮ್ಮ ಮಗಳಿಗೆ ಓಬವ್ವ ಎಂದು ಹೆಸರಿಡುತ್ತಾರೆ? ಹಳೆಯ ಹೆಸರಿನ ನಾಚಿಕೆ ಒಂದು ಜಾತಿ ಮತಕ್ಕೆ ಸೇರಿದ್ದಲ್ಲ. ಅದು ಹಳ್ಳಿಯಿಂದ ಪೇಟೆಗೆ ಹೊರಟವರೆಲ್ಲರ ನಾಚಿಕೆ.

ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಇಂತಹ ಹೆಸರುಗಳು ‘ಇಸ್ಲಾಮೀ ಹೆಸರುಗಳಲ್ಲ’ ಎಂಬ ಮಾತು. ಇಲ್ಲಿ ಇತಿಹಾಸವನ್ನು ನೆನಪಿಡಬೇಕು. ಖದೀಜಾ, ಉಮರ್, ಉಸ್ಮಾನ್ ಇವೆಲ್ಲ ಇಸ್ಲಾಮಿಗಿಂತ ಮೊದಲೇ ಅರಬರಲ್ಲಿದ್ದ ಹೆಸರುಗಳು. ಇಸ್ಲಾಂ ಸ್ವೀಕರಿಸಿದ ಮೇಲೂ ಅವರು ಅದೇ ಹೆಸರಿನಲ್ಲಿ ಬಾಳಿದರು. ಅವಿಧೇಯಳು ಎಂಬ ಅರ್ಥದ ಹೆಸರಿದ್ದ ಒಬ್ಬ ಮಹಿಳೆಗೆ ಪ್ರವಾದಿವರ್ಯರು (ಸ) ‘ಜಮೀಲಾ’ ಎಂದು ಹೆಸರಿಟ್ಟದ್ದು ಹದೀಸಿನಲ್ಲಿದೆ. ಅಲ್ಲಿ ನೋಡಿದ್ದು ಅರ್ಥವನ್ನು. ಯಾವ ಹೆಸರು ಸರಿ ಎಂಬ ತೀರ್ಪು ವಿದ್ವಾಂಸರಿಗೆ ಬಿಟ್ಟದ್ದು. ಆದರೆ ಹಿರಿಯರ ಹೆಸರನ್ನು ಗೇಲಿ ಮಾಡುವುದಕ್ಕೆ ಧರ್ಮದಲ್ಲಿ ಆಸ್ಪದವಿಲ್ಲ. ಒಬ್ಬರನ್ನೊಬ್ಬರು ಹೀನಾಯ ಹೆಸರುಗಳಿಂದ ಕರೆಯಬಾರದೆಂದು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ತಿಳಿಸುತ್ತದೆ.

ಇನ್ನು ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಹಳೆಯ ಹೆಸರುಗಳು ಮತ್ತೆ ಬರುತ್ತವೆಯೇ? ಬರುತ್ತವೆ ಎಂಬುದಕ್ಕೆ ಹೊರದೇಶದಲ್ಲಿ ಉದಾಹರಣೆಯಿದೆ. ಇಂಗ್ಲೆಂಡಿನಲ್ಲಿ ಮುದುಕರ ಹೆಸರು ಎನಿಸಿಕೊಂಡಿದ್ದ ಆರ್ಥರ್, ಹಲವು ದಶಕಗಳ ನಂತರ 2018ರಲ್ಲಿ ಗಂಡುಮಕ್ಕಳ ಮೊದಲ ಹತ್ತು ಹೆಸರುಗಳೊಳಗೆ ಬಂತು. ತಂದೆ ತಾಯಿಯ ಕಾಲದ ಹೆಸರು ನಮಗೆ ಹಳತೆನಿಸುತ್ತದೆ. ಮುತ್ತಜ್ಜನ ಹೆಸರು ಕಿವಿಗೆ ಬಿದ್ದು ಬಹಳ ಕಾಲವಾದ್ದರಿಂದ ಹೊಸತೆನಿಸುತ್ತದೆ. ಹೆಸರಿನ ಚಕ್ರ ತಿರುಗುವುದು ಹೀಗೆ.

ನಮ್ಮ ಮನೆಗಳಲ್ಲೂ ಈ ಚಕ್ರ ಆಗಲೇ ತಿರುಗಿದೆ. ಇಂದಿನ ಮಕ್ಕಳ ಹೆಸರುಗಳನ್ನು ನೋಡಿ: ಝೈನಬ್, ಖದೀಜಾ, ಫಾತಿಮಾ, ಹುಸೇನ್. ಇವು ಅಜ್ಜಿಯ ಕಾಲದ ಜೈನಬಿ, ಕತೀಜಾಬಿ, ಪಾತಿಮಾಬಿ ಮತ್ತು ಹುಸೇನಪ್ಪ ಅಲ್ಲವೇ? ಬೇರು ಹಾಗೆಯೇ ಉಳಿದಿದೆ. ಉದುರಿದ್ದು ಅದರ ತುದಿಗಿದ್ದ ‘ಬಿ’ ಮತ್ತು ‘ಅಪ್ಪ’. ಅಂದರೆ ಹೆಸರು ಮರಳಿ ಬಂದಿದೆ, ಊರು ಮಾತ್ರ ಜೊತೆಗೆ ಬಂದಿಲ್ಲ. ಕುಳ್ಳಾಯಪ್ಪ, ಬಾಬಯ್ಯ, ಫಕೀರಪ್ಪನಂತಹ ಹೆಸರುಗಳು ಮರಳುವುದು ಇನ್ನೂ ಕಷ್ಟ. ಅವುಗಳ ಕಥೆ ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಊರನ್ನು ಹೆಸರಿನಲ್ಲೇ ಹೊತ್ತು ಎತ್ತರಕ್ಕೇರಿದವರು ನಮ್ಮಲ್ಲಿದ್ದಾರೆ. ಕರಾವಳಿಯ ಬ್ಯಾರಿಗಳಲ್ಲಿ ಹೆಸರಿನ ಕೊನೆಗೆ ‘ಅಬ್ಬ’ ಬರುತ್ತದೆ. ಕವಿ ಬಿ.ಎಂ. ಇದಿನಬ್ಬ ಅದೇ ಹೆಸರಿನಲ್ಲಿ ಉಳ್ಳಾಲದ ಶಾಸಕರಾದರು, ಕನ್ನಡಕ್ಕಾಗಿ ದುಡಿದರು. ಶಿಶುನಾಳದ ಸಂತ ಶರೀಫರ (1819–1889) ತಂದೆ ಇಮಾಮ್ ಸಾಹೇಬರು. ನಮ್ಮ ಹಳ್ಳಿಯ ಇಮಾಂಸಾಬರದೂ ಅದೇ ಹೆಸರು.

ವಿದ್ಯಾರ್ಥಿ ಮಿತ್ರರೇ, ಇದರಲ್ಲಿ ವ್ಯವಹಾರದ ಮಾತೂ ಇದೆ. ಹತ್ತಿ ಹಿಂಜುವ ಕಸುಬಿನ ನದಾಫ, ಪಿಂಜಾರರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1ರಲ್ಲಿದ್ದಾರೆ. ಜಾತಿ ಪ್ರಮಾಣಪತ್ರ ಕೇಳುವಾಗ ತಂದೆಯ ಶಾಲಾ ದಾಖಲೆ ಬೇಕಾಗುತ್ತದೆ. ಅಲ್ಲಿ ಹುಸೇನಪ್ಪ, ಆಧಾರ್‌ನಲ್ಲಿ ಹುಸೇನ್, ಪಹಣಿಯಲ್ಲಿ ಹುಸೇನ್‌ಸಾಬ್ ಎಂದಿದ್ದರೆ ಅಲೆಯುವವರು ನೀವೇ. ನಾಚಿಕೆಯಿಂದ ಕತ್ತರಿಸಿದ ಎರಡಕ್ಷರಕ್ಕೆ ವಿದ್ಯಾರ್ಥಿವೇತನವೇ ಕೈತಪ್ಪಬಹುದು. ಆದ್ದರಿಂದ ಹಿರಿಯರ ಹೆಸರು ಮೊದಲ ದಾಖಲೆಯಲ್ಲಿ ಹೇಗಿದೆಯೋ ಹಾಗೆಯೇ ಎಲ್ಲೆಡೆ ಬರೆಯಿರಿ. ಹೊಸ ಮಗುವಿನ ಜನನವನ್ನು ಹೆಸರಿಲ್ಲದೆ ನೋಂದಾಯಿಸಿದ್ದರೆ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ ಮುಂತಾದವುಗಳಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಾಂಕ ಮತ್ತು ಸ್ಥಳದ ಆಧಾರ. ಅಕ್ಷರ ಅಕ್ಷರವನ್ನೂ ನೋಡಿ ಬರೆಸಿ.

ಮಗುವಿಗೆ ಹುಸೇನಪ್ಪ ಎಂದೇ ಹೆಸರಿಡಿ ಎಂದು ನಾನು ಹೇಳುವುದಿಲ್ಲ. ಅದು ಹೆತ್ತವರ ಹಕ್ಕು. ನನ್ನ ಬಿನ್ನಹ ಇಷ್ಟೇ. ಈ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತು ಕೇಳಿ: ಅಜ್ಜನ ಹೆಸರೇನು, ಅವರ ತಂದೆಯ ಹೆಸರೇನು, ಆ ಹೆಸರನ್ನು ಯಾರು, ಯಾವ ಹರಕೆಗೆ ಇಟ್ಟರು? ನೋಟ್ ಬುಕ್ಕಿನಲ್ಲಿ ಬರೆದಿಡಿ. ಅಜ್ಜಿಯರ ಹೆಸರನ್ನು ಮರೆಯದೆ ಬರೆಯಿರಿ, ಏಕೆಂದರೆ ಪಹಣಿಗಳಲ್ಲಿ ಅವು ಸಿಗುವುದು ಅಪರೂಪ. ನಾಳೆ ನಿಮ್ಮ ಮೊಮ್ಮಕ್ಕಳು ಹೊಸ ಕೂಸಿಗೊಂದು ಹೆಸರು ಹುಡುಕುವಾಗ ಆ ಪುಟ ತೆರೆಯಬಹುದು. ಬರೆದಿಟ್ಟರೆ ತಾನೇ ಮರಳಿ ಬರಲು ಹೆಸರಿಗೊಂದು ದಾರಿ?